ಒಳನಾಡಿನ ನುಡಿಯಲ್ಲಿ ಬಿಸಿಲು, ಮಳೆ, ಕಡಲು: ಸೇಡಂ-ಚಿತ್ತಾಪುರ ಸೀಮೆಯ ಭಾವವಾಚಕ ಪದಗಳ ವಿಚಾರ

ಕೋಪ, ಶೋಕ, ಹರ್ಷ, ಭಯ ಮೊದಲಾದ ಮನೋವಿಕಾರಗಳು ಕಣ್ಣಿಗೆ ಕಾಣತಕ್ಕವೂ ಅಲ್ಲ, ಕೈಗೆ ಸಿಕ್ಕತಕ್ಕವೂ ಅಲ್ಲ. ಆದುದರಿಂದ ಅವುಗಳನ್ನು ಮತ್ತೊಬ್ಬರಿಗೆ ತಿಳಿಯಹೇಳಬೇಕಾದಾಗ ಕಾಣುವ ವಸ್ತುಗಳ ಹೆಸರನ್ನು ಎರವಾಗಿ ತರಬೇಕಾಗುತ್ತದೆ. ಹೀಗೆ ಎರವಾಗಿ ತಂದ ಹೆಸರುಗಳಲ್ಲಿ ಬಿಸಿಲು, ಗಾಳಿ, ಮಳೆ, ಹೊಳೆ, ಕಡಲು ಇವುಗಳಿಗೆ ಸಂಬಂಧಪಟ್ಟವೇ ಬಹಳ. ಇದು ಲೋಕದ ಭಾಷೆಗಳಲ್ಲೆಲ್ಲ ಕಾಣಬರುವ ಸಂಗತಿಯಾದರೂ, ಯಾವ ನಾಡಿನವರು ಯಾವ ವಸ್ತುವನ್ನು ಯಾವ ಭಾವಕ್ಕೆ ಹಚ್ಚಿದರು ಎಂಬುದರಲ್ಲಿ ಭೇದವುಂಟು. ಆ ಭೇದವನ್ನು ಅರಿಯದೆ ಒಂದು ಸೀಮೆಯ ಮಾತನ್ನು ಕೇಳಿದರೆ ಪದಗಳು ತಿಳಿಯುತ್ತವೆ, ಮನಸ್ಸು ತಿಳಿಯುವುದಿಲ್ಲ.

ಕಲಬುರಗಿ ಜಿಲ್ಲೆಯ ಮೂಡಣ ಭಾಗದಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಊರುಗಳ ಸೀಮೆಯು ಈ ವಿಚಾರಕ್ಕೆ ಒಳ್ಳೆಯ ಆಧಾರವಾಗಿದೆ. ಇಲ್ಲಿಂದ ಪಡುವಣ ಕಡಲು ೩೫೦ ಕಿಲೋಮೀಟರಿಗಿಂತ ಹೆಚ್ಚು ದೂರ. ಮೂಡಣ ಕಡಲೂ ಹತ್ತಿರವಲ್ಲ. ಬೇಸಗೆಯಲ್ಲಿ ಉಷ್ಣಮಾನವು ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ವಾಡಿಕೆ. ತೊಗರಿ, ಜೋಳ, ಹೆಸರು, ಉದ್ದು ಬೆಳೆಯುವ ಈ ನೆಲಕ್ಕೆ ಮಳೆಯೇ ಮುಖ್ಯ ಆಸರೆ. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯು ಕಾಗಿಣಾ ನದಿಯನ್ನು ಸೇರುತ್ತದೆ; ಕಾಗಿಣೆಯು ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು ಮುಂದೆ ಭೀಮೆಯನ್ನು ಕೂಡುತ್ತದೆ. ಇಷ್ಟೇ ಇಲ್ಲಿಯ ಜಲಸಂಪತ್ತು. ಹೀಗಿದ್ದರೂ ಇಲ್ಲಿಯ ಜನರು ‘ದುಃಖಸಾಗರ’ವೆನ್ನುತ್ತಾರೆ, ‘ಮನಸ್ಸು ಅಲ್ಲೋಲಕಲ್ಲೋಲವಾಯಿತು’ ಎನ್ನುತ್ತಾರೆ, ‘ಅವನು ಇಂದು ಲಹರಿಯಲ್ಲಿದ್ದಾನೆ’ ಎನ್ನುತ್ತಾರೆ. ಹುಟ್ಟಿದಂದಿನಿಂದ ಕಡಲನ್ನು ಕಾಣದವರ ಬಾಯಲ್ಲಿ ಕಡಲಿನ ಮಾತು ಹೇಗೆ ನೆಲೆಗೊಂಡಿತು? ಅದು ಅಲ್ಲಿ ಯಾವ ಕೆಲಸ ಮಾಡುತ್ತದೆ? ಬಿಸಿಲು ಮಳೆಗಳ ಮಾತಿಗೂ ಅದಕ್ಕೂ ಇರುವ ಅಂತರವೇನು? ಇವೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು.

೧. ರೂಪಕವೂ ರೂಢಿಯೂ

ಒಂದು ಪದವು ತನ್ನ ಮುಖ್ಯಾರ್ಥವನ್ನು ಬಿಟ್ಟು ಬೇರೊಂದು ಅರ್ಥವನ್ನು ಕೊಡುವ ಬಗೆಯನ್ನು ನಮ್ಮ ಆಲಂಕಾರಿಕರು ಲಕ್ಷಣೆ ಎಂದು ಕರೆದು, ಅದರಲ್ಲಿ ಎರಡು ವಿಧಗಳನ್ನು ಹೇಳಿದ್ದಾರೆ. ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂದರೆ ಗಂಗೆಯ ದಡದಲ್ಲಿ ಎಂದರ್ಥ. ದಡದ ಪಾವನತ್ವವನ್ನೂ ತಂಪನ್ನೂ ಸೂಚಿಸುವುದೇ ಅಲ್ಲಿಯ ಪ್ರಯೋಜನ. ಇದು ಪ್ರಯೋಜನವುಳ್ಳ ಲಕ್ಷಣೆ. ‘ಕುಶಲ’ ಎಂಬ ಪದಕ್ಕೆ ದರ್ಭೆಯನ್ನು ಕೊಯ್ಯುವವನೆಂಬ ಅರ್ಥವಿದ್ದು, ಈಗ ನಿಪುಣನೆಂಬ ಅರ್ಥವೇ ನಿಂತಿದೆ. ಹೇಳುವವನಿಗೆ ದರ್ಭೆಯ ನೆನಪೇ ಇರುವುದಿಲ್ಲ. ಇದು ರೂಢಿಯಿಂದ ಬಂದ ಲಕ್ಷಣೆ. ಮಮ್ಮಟನ ಕಾವ್ಯಪ್ರಕಾಶದಲ್ಲಿ ಈ ಎರಡು ಉದಾಹರಣೆಗಳೂ ಇವೆ.

೧೯೮೦ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಗ್ರಂಥದಲ್ಲಿ ಲೇಕಾಫ್ ಮತ್ತು ಜಾನ್ಸನ್ ಎಂಬ ಅಮೆರಿಕದ ವಿದ್ವಾಂಸರಿಬ್ಬರು, ರೂಪಕವು ಕವಿಗಳ ಒಡವೆಯಲ್ಲ, ದಿನಬಳಕೆಯ ವಿಚಾರಸರಣಿಯೇ ರೂಪಕಮಯವಾಗಿದೆ ಎಂದು ಪ್ರತಿಪಾದಿಸಿದರು. ರೂಪಕಕ್ಕೆ ಆಧಾರವಾಗುವುದು ಮನುಷ್ಯನ ದೇಹಾನುಭವವೂ ಅವನ ಪರಿಸರದ ಅನುಭವವೂ ಎಂಬುದು ಅವರ ಮತ. ಈ ಮತವು ಬಿಸಿಲು ಮಳೆಗಳ ಮಾತಿಗೆ ಸಲೀಸಾಗಿ ಹೊಂದುತ್ತದೆ. ಕಾಣದ ಕಡಲಿನ ಮಾತಿಗೆ ಹೊಂದಬೇಕಾದರೆ ಇನ್ನೊಂದು ಸಂಗತಿಯನ್ನು ಸೇರಿಸಿಕೊಳ್ಳಬೇಕು. ಅದೇನೆಂದರೆ, ಮನುಷ್ಯನು ಕಂಡದ್ದನ್ನು ಮಾತ್ರವಲ್ಲದೆ ಕೇಳಿದ್ದನ್ನೂ ತನ್ನ ಅನುಭವದಲ್ಲಿ ಸೇರಿಸಿಕೊಳ್ಳುತ್ತಾನೆ. ಆದರೆ ಕೇಳಿದ್ದನ್ನು ತಾನು ಕಂಡದ್ದರ ಅಳತೆಗೋಲಿನಿಂದಲೇ ಅಳೆಯುತ್ತಾನೆ.

೨. ಉರಿಯೂ ತಂಪೂ

ಈ ಸೀಮೆಯ ಭಾವವಾಚಕಗಳ ಬುಡದಲ್ಲಿರುವುದು ಬಿಸಿ ಮತ್ತು ತಂಪು ಎಂಬ ದ್ವಂದ್ವ. ಮತ್ಸರಕ್ಕೆ ‘ಹೊಟ್ಟೆ ಉರಿ’ ಎಂದು ಹೆಸರು. ಅಡಗಿಸಿಟ್ಟ ಕೋಪವು ‘ಕುದಿ’ಯುತ್ತದೆ. ದಾರಿ ಕಾಣದ ಸಂಕಟವು ‘ಬೇಗುದಿ’. ನಿಟ್ಟುಸಿರು ‘ಬಿಸುಸುಯ್’. ಸಂಸ್ಕೃತದಿಂದ ಬಂದ ತಾಪ, ಸಂತಾಪ, ಪರಿತಾಪ, ಅನುತಾಪ, ಪಶ್ಚಾತ್ತಾಪ ಎಂಬವೆಲ್ಲ ಸುಡು ಎಂಬರ್ಥದ ಒಂದೇ ಧಾತುವಿನಿಂದ ಹುಟ್ಟಿದವು. ಶೋಕ ಎಂಬ ಪದದ ಧಾತುವಿಗೂ ಉರಿಯುವುದೆಂಬ ಅರ್ಥವುಂಟು. ಹೀಗೆ ದೇಶ್ಯವೂ ಸಂಸ್ಕೃತವೂ ಈ ವಿಷಯದಲ್ಲಿ ಒಮ್ಮತವಾಗಿವೆ.

ಇದಕ್ಕೆ ಪ್ರತಿಯಾಗಿ ತೃಪ್ತಿಯೂ ಪ್ರೀತಿಯೂ ತಂಪಿನ ಮಾತುಗಳು. ‘ತಣಿ’ ಎಂಬ ಕನ್ನಡ ಧಾತುವಿಗೆ ತಂಪಾಗು ಎಂದೂ ತೃಪ್ತಿಪಡು ಎಂದೂ ಎರಡರ್ಥಗಳಿವೆ. ಬಾಯಾರಿ ಬಂದವನಿಗೆ ನೀರು ಕೊಟ್ಟ ತಾಯಿಯು ಕೇಳುವ ಹರಕೆ, ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಎಂಬುದು. ಬಹುದಿನಗಳ ಮೇಲೆ ಮಗನನ್ನು ಕಂಡವಳು ‘ಜೀವ ತಣ್ಣಗಾಯ್ತು’ ಎನ್ನುತ್ತಾಳೆ. ಉಪಕಾರ ಮಾಡಿದವರನ್ನು ‘ತಂಪು ಹೊತ್ತಿನ್ಯಾಗ ನೆನೀಬೇಕು’ ಎಂಬ ಮಾತಂತೂ ಬಡಗನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಬಿಸಿಲಿನ ನಾಡಿನಲ್ಲಿ ದಿನದ ಒಳ್ಳೆಯ ಹೊತ್ತೆಂದರೆ ತಂಪು ಹೊತ್ತು. ಒಳ್ಳೆಯವರ ನೆನಪನ್ನು ಆ ಹೊತ್ತಿಗೆ ಇಟ್ಟುಕೊಳ್ಳುವುದು ಅವರಿಗೆ ಸಲ್ಲಿಸುವ ಮರ್ಯಾದೆ.

ಚಳಿಯ ದೇಶಗಳ ಭಾಷೆಗಳಲ್ಲಿ ಈ ಕ್ರಮವು ತಿರುಗುಮುರುಗಾಗಿರುವುದುಂಟು. ಇಂಗ್ಲಿಷಿನಲ್ಲಿ ಪ್ರೀತಿಯು ಬೆಚ್ಚಗಿರುತ್ತದೆ, ಅನಾದರವು ತಣ್ಣಗಿರುತ್ತದೆ. ಆ ಭಾಷೆಯ ಅನುಕರಣದಿಂದ ಈಚಿನ ಕನ್ನಡ ಬರವಣಿಗೆಯಲ್ಲಿಯೂ ‘ಬೆಚ್ಚನೆಯ ಸ್ವಾಗತ’, ‘ತಣ್ಣನೆಯ ಪ್ರತಿಕ್ರಿಯೆ’ ಎಂಬ ಪ್ರಯೋಗಗಳು ಬಂದಿವೆ. ಬೆಚ್ಚಗಿರುವ ಮನೆ ಸುಖದ ಗುರುತೆಂಬ ಭಾವನೆ ಕನ್ನಡಕ್ಕೆ ಹೊಸದಲ್ಲ, ನಿಜ. ಆದರೆ ತಣ್ಣಗಿರುವುದು ಅನಾದರದ ಗುರುತೆಂಬುದು ಮಾತ್ರ ಈ ಸೀಮೆಯ ನುಡಿಗಟ್ಟಿಗೆ ಸೇರತಕ್ಕದ್ದಲ್ಲ. ಜೀವ ತಣ್ಣಗಾಯಿತೆಂದು ಹರ್ಷದಿಂದ ಹೇಳುವವರಿಗೆ ‘ತಣ್ಣನೆಯ’ ಉತ್ತರ ಬಂತೆಂದರೆ ಅದು ಒಳ್ಳೆಯ ಸುದ್ದಿಯೆಂದೇ ತೋರಬೇಕು.

೩. ಮಳೆಯ ಬಿರುದಾಂಕಿತರು

ಮಳೆಯ ವಿಷಯದಲ್ಲಿ ಈ ಸೀಮೆಗೆ ಒಂದು ಅಪೂರ್ವವಾದ ಚಾರಿತ್ರಿಕ ಸಾಕ್ಷ್ಯವಿದೆ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದು ವಿದಿತವೇ ಇದೆ. ಆ ವಂಶದ ಅರಸರ ಬಿರುದುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳಲ್ಲಿ ‘ವರ್ಷ’ ಎಂದು ಮುಗಿಯುವವೇ ಹಲವು. ಒಂದನೆಯ ಕೃಷ್ಣನು ಅಕಾಲವರ್ಷ, ಧ್ರುವನು ಧಾರಾವರ್ಷ, ಮೂರನೆಯ ಗೋವಿಂದನು ಪ್ರಭೂತವರ್ಷ, ಕ್ರಿ. ಶ. ೮೧೪ರಿಂದ ೮೭೮ರ ವರೆಗೆ ಆಳಿದ ನೃಪತುಂಗನು ಅಮೋಘವರ್ಷ. ಮೂರನೆಯ ಇಂದ್ರನು ನಿತ್ಯವರ್ಷ. ನಾಲ್ಕನೆಯ ಗೋವಿಂದನು ಸುವರ್ಣವರ್ಷ. ಇಲ್ಲಿ ವರ್ಷವೆಂದರೆ ಸಂವತ್ಸರವಲ್ಲ, ಮಳೆ. ಧಾರೆಯಾಗಿ ಸುರಿಯುವ ಮಳೆ, ಹೇರಳವಾದ ಮಳೆ, ವ್ಯರ್ಥವಾಗದ ಮಳೆ, ನಿತ್ಯವೂ ಬೀಳುವ ಮಳೆ, ಹೊನ್ನಿನ ಮಳೆ ಎಂದು ಅರಸನನ್ನು ಕೊಂಡಾಡಿದ್ದಾರೆ. ಯಾಚಕರಿಗೆ ದಾನದ ಮಳೆ, ವೈರಿಗಳಿಗೆ ಬಾಣದ ಮಳೆ ಎಂಬ ಎರಡು ಅರ್ಥಗಳೂ ಇಂಥ ಬಿರುದುಗಳಿಗೆ ಕಾವ್ಯಮರ್ಯಾದೆಯಲ್ಲಿ ಸಲ್ಲುತ್ತವೆ.

ಇವುಗಳಲ್ಲಿ ‘ಅಕಾಲವರ್ಷ’ವೆಂಬುದು ವಿಶೇಷವಾಗಿ ವಿಚಾರಾರ್ಹವಾಗಿದೆ. ಕಾಲವಲ್ಲದ ಕಾಲದ ಮಳೆಯು ಒಕ್ಕಲಿಗನಿಗೆ ಕೇಡು. ಕಣದಲ್ಲಿ ರಾಶಿಯಿರುವಾಗ ಬಿದ್ದ ಮಳೆಯನ್ನು ಯಾರೂ ಹರಸುವುದಿಲ್ಲ. ಹೀಗಿರಲಾಗಿ ಅದು ಅರಸನಿಗೆ ಹೊಗಳಿಕೆಯಾದುದು ಹೇಗೆ? ಮೋಡವಾದರೋ ತನ್ನ ಋತುವನ್ನು ಕಾದು ಸುರಿಯುತ್ತದೆ. ಅರಸನ ಕೊಡುಗೈಯಾದರೋ ಋತುವನ್ನು ಕಾಯುವುದಿಲ್ಲ ಎಂದು ಅರ್ಥಮಾಡಿದರೆ ಬಿರುದು ಸಾರ್ಥಕವಾಗುತ್ತದೆ. ರೂಪಕವು ವಸ್ತುವಿನ ಗುಣಗಳನ್ನೆಲ್ಲ ಒಟ್ಟಾಗಿ ತರುವುದಿಲ್ಲ, ಬೇಕಾದುದನ್ನು ಮಾತ್ರ ಆರಿಸಿ ತರುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅರಸನ ಔದಾರ್ಯಕ್ಕೆ ಮಳೆಯೇ ಉಪಮಾನವಾದ ಈ ಪದ್ಧತಿಯು ಜನರ ಮಾತಿನಲ್ಲಿಯೂ ಇದೆ. ಮಳೆಯು ಇಲ್ಲಿ ಹರ್ಷದ ಮಾತು. ಒಳ್ಳೆಯ ಸಮಾಚಾರ ಬಂದರೆ ಮನಸ್ಸು ತೊಯ್ದು ತಂಪಾಗುತ್ತದೆ. ಜೂನಿನ ಮೊದಲಲ್ಲಿ ಬರುವ ಮೃಗಶಿರಾ ಮಳೆಯನ್ನು ಈ ಕಡೆ ‘ಮಿರಗ’ವೆನ್ನುತ್ತಾರೆ, ಬಿತ್ತನೆಯ ಆಸೆಯೆಲ್ಲ ಅದರ ಮೇಲೆ. ಬಿದ್ದ ಮಳೆಯಿಂದ ನೆಲವು ಉಳುಮೆಗೂ ಬಿತ್ತನೆಗೂ ತಕ್ಕಷ್ಟು ನೆನೆದಿರುವ ಸ್ಥಿತಿಗೆ ‘ಹದ’ವೆಂದು ಹೆಸರು. ಹದ ಮೀರಿದರೆ ಕೆಸರು, ಹದ ಕಡಿಮೆಯಾದರೆ ಹೆಂಟೆ. ‘ಮನಸ್ಸು ಹದಕ್ಕೆ ಬಂತು’, ‘ಮಾತಿನಲ್ಲಿ ಹದವಿರಬೇಕು’ ಎಂದು ಜನರು ಹೇಳುವಾಗ ಹೊಲದ ಅನುಭವವೇ ಮನಸ್ಸಿಗೆ ಅಳತೆಯಾಗಿರುತ್ತದೆ. ಹಾಗೆಯೇ ನಂಟಸ್ತಿಕೆಯಲ್ಲಿ ‘ಬಿರುಕು’ ಬಿಡುತ್ತದೆ. ಕಲ್ಲಿನ ಬಿರುಕು ಕೂಡುವುದಿಲ್ಲ. ಎರೆಭೂಮಿಯ ಬಿರುಕಾದರೋ ಬೇಸಗೆಯಲ್ಲಿ ಕಾಲು ಇಳಿಯುವಷ್ಟು ಅಗಲವಾಗಿದ್ದರೂ ಮೊದಲ ಮಳೆಗಳಿಗೆ ಮುಚ್ಚಿಕೊಳ್ಳುತ್ತದೆ. ಯಾವ ಬಿರುಕನ್ನು ಕುರಿತು ಹೇಳಿದ ಮಾತೆಂಬುದನ್ನು ಹೇಳಿದವರ ಹೊಲವನ್ನು ನೋಡಿ ತಿಳಿಯಬೇಕು.

ಮೋಡದ ವಿಷಯವು ಇಷ್ಟು ಸರಳವಲ್ಲ. ಮುಖವು ಮೋಡ ಕವಿದಂತೆ ಕಪ್ಪಿಟ್ಟಿತು ಎಂದು ಕನ್ನಡದಲ್ಲಿ ಹೇಳುವುದುಂಟು. ಆದರೆ ಮೋಡವೆಂದರೆ ಬರಿಯ ಖೇದವೆಂದು ತಿಳಿಯಲಾಗದು. ಸಂಸ್ಕೃತ ಕಾವ್ಯದಲ್ಲಿ ಆಷಾಢದ ಮೋಡವು ಅಗಲಿದವರ ಹಂಬಲವನ್ನು ಎಬ್ಬಿಸತಕ್ಕದ್ದು. ಕಾಳಿದಾಸನ ಮೇಘದೂತವೇ ಅದಕ್ಕೆ ಸಾಕ್ಷಿ. ಆ ಮೇಘದೂತಕ್ಕೂ ರಾಷ್ಟ್ರಕೂಟರ ಆಸ್ಥಾನಕ್ಕೂ ನೇರವಾದ ಸಂಬಂಧವಿದೆ. ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯನು ಮೇಘದೂತದ ಪಾದಗಳನ್ನೆಲ್ಲ ತನ್ನ ಪದ್ಯಗಳಲ್ಲಿ ಹೆಣೆದುಕೊಂಡು ಪಾರ್ಶ್ವಾಭ್ಯುದಯವೆಂಬ ಕಾವ್ಯವನ್ನು ರಚಿಸಿದನು. ಅದರ ವಸ್ತು ವಿರಹವಲ್ಲ; ಧ್ಯಾನದಲ್ಲಿ ನಿಂತ ಪಾರ್ಶ್ವನಾಥನಿಗೆ ಹಿಂದಿನ ಜನ್ಮದ ವೈರಿಯು ಮಾಡಿದ ಉಪಸರ್ಗ. ಜೈನ ಪುರಾಣದ ಪ್ರಕಾರ ಆ ವೈರಿಯು ಬಿರುಗಾಳಿಯನ್ನೂ ಜಡಿಮಳೆಯನ್ನೂ ಎಬ್ಬಿಸುತ್ತಾನೆ; ಯೋಗಿಯು ಕದಲುವುದಿಲ್ಲ. ಯಕ್ಷನ ಹಂಬಲವನ್ನು ಹೊತ್ತ ಅದೇ ಮೋಡದ ಮಾತುಗಳು ಇಲ್ಲಿ ಕ್ರೋಧವನ್ನು ಹೊತ್ತು ಬರುತ್ತವೆ. ಮೋಡವು ಯಾವ ಭಾವಕ್ಕೆ ಸಲ್ಲಬೇಕೆಂಬುದನ್ನು ಮೋಡವು ನಿರ್ಣಯಿಸುವುದಿಲ್ಲ, ಸಂದರ್ಭವು ನಿರ್ಣಯಿಸುತ್ತದೆ ಎಂಬುದನ್ನು ಒಂಬತ್ತನೆಯ ಶತಮಾನದಲ್ಲಿಯೇ ಆ ಕವಿಯು ತೋರಿಸಿಕೊಟ್ಟಿದ್ದಾನೆ.

ಮಳೆಯ ಸಂಗಡಿಗರಾದ ಗುಡುಗು ಸಿಡಿಲುಗಳಿಗೆ ಮಾತ್ರ ಎಲ್ಲ ಕಡೆಯೂ ಒಂದೇ ಭಾವ. ಸಿಟ್ಟಿಗೆದ್ದವನು ‘ಗುಡುಗು’ತ್ತಾನೆ. ಅನಿರೀಕ್ಷಿತವಾದ ಕೇಡಿನ ಸುದ್ದಿಯು ‘ಬರಸಿಡಿಲು’. ಬಡಗಣ ಕನ್ನಡದಲ್ಲಿ ಆಕಾಶಕ್ಕೆ ‘ಮುಗಿಲು’ ಎನ್ನುವುದರಿಂದ, ತಡೆಯಲಾರದ ಆಪತ್ತು ಬಂದಾಗ ‘ಮುಗಿಲು ಹರಿದು ಬಿದ್ದಂಗಾಯ್ತು’ ಎಂಬ ಮಾತು ಹುಟ್ಟಿದೆ.

೪. ಕಟ್ಟಿದ ನೀರು, ಹರಿವ ನೀರು

ಕಣ್ಣೆದುರಿಗಿನ ನೀರು ಇಲ್ಲಿ ಕಡಲಲ್ಲ. ಕೆರೆ, ಬಾವಿ, ಹಳ್ಳ, ಹೊಳೆ. ಭಾವಗಳ ಏರಿಳಿತವನ್ನು ಹೇಳುವ ಪದಗಳು ಹೆಚ್ಚಾಗಿ ಇವುಗಳಿಂದಲೇ ಬಂದಿವೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಬೀಳುವ ಸ್ಥಳಕ್ಕೆ ‘ಕೋಡಿ’ಯೆಂದು ಹೆಸರು. ‘ಕಣ್ಣೀರ ಕೋಡಿ ಹರಿಯಿತು’ ಎಂದರೆ ಸ್ವಲ್ಪ ಅತ್ತರೆಂದಲ್ಲ. ಒಳಗೆ ಹಿಡಿಯಬಲ್ಲಷ್ಟು ದುಃಖವನ್ನು ಹಿಡಿದಿಟ್ಟು, ಅದಕ್ಕೆ ಮೀರಿದ್ದನ್ನು ಹೊರಗೆ ಬಿಟ್ಟರು ಎಂದು. ಕೋಡಿ ಹರಿಯುವ ತನಕ ಕೆರೆಗೆ ಅಪಾಯವಿಲ್ಲ. ‘ಕಟ್ಟೆಯೊಡೆದ ದುಃಖ’ವೆಂಬ ಮಾತು ಬೇರೆ. ಅದು ಹಿಡಿತ ತಪ್ಪಿದ ಸ್ಥಿತಿ. ಒಡೆದ ಕಟ್ಟೆ ತಾನಾಗಿ ಕೂಡದು. ‘ಮಡುಗಟ್ಟಿದ ದುಃಖ’ವು ಮೂರನೆಯದು. ಹೊಳೆಯ ಪಾತ್ರದಲ್ಲಿ ಆಳವಾಗಿ ನಿಂತ ನೀರಿಗೆ ಮಡುವೆನ್ನುತ್ತಾರೆ. ಮೇಲೆ ಶಾಂತ, ಕೆಳಗೆ ಆಳ ತಿಳಿಯದು. ಹೀಗೆ ಮೂರು ಪದಗಳು ಶೋಕದ ಮೂರು ಅವಸ್ಥೆಗಳನ್ನು ಬೇರೆ ಬೇರೆಯಾಗಿ ಹೇಳುತ್ತವೆ. ಇವುಗಳನ್ನೆಲ್ಲ ‘ಅತಿಯಾದ ದುಃಖ’ವೆಂದು ಒಂದೇ ಮಾತಿನಲ್ಲಿ ಅನುವಾದಿಸಿದರೆ ಆ ಭೇದವು ಕೈಬಿಟ್ಟುಹೋಗುತ್ತದೆ.

ಇನ್ನು ನೀರಿನ ಗುಣದಿಂದ ಬಂದ ಪದಗಳಿವೆ. ‘ತಿಳಿ’ ಎಂಬ ಕನ್ನಡ ಪದಕ್ಕೆ ಕೆಸರು ಇಳಿದು ನಿರ್ಮಲವಾಗು ಎಂದೂ ಅರಿತುಕೊಳ್ಳು ಎಂದೂ ಎರಡರ್ಥಗಳು. ತಮಿಳಿನ ‘ತೆಳಿ’, ತೆಲುಗಿನ ‘ತೆಲಿಯು’ ಇದೇ ಕುಲದವು. ಇದಕ್ಕೆ ವಿರುದ್ಧವಾದುದು ‘ಕದಡು’. ಕದಡಿದ ನೀರಿನಲ್ಲಿ ತಳ ಕಾಣುವುದಿಲ್ಲ. ಕದಡಿದ ಮನಸ್ಸಿನಲ್ಲಿ ವಿಚಾರ ಕಾಣುವುದಿಲ್ಲ. ಹೆಚ್ಚು ಕೆಟ್ಟರೆ ‘ರಾಡಿ’. ಸಂಸ್ಕೃತದಲ್ಲಿಯೂ ಪ್ರಸನ್ನವೆಂಬುದು ತಿಳಿನೀರಿಗೂ ಸಂತೋಷದ ಮನಸ್ಸಿಗೂ, ಕಲುಷವೆಂಬುದು ಕದಡಿದ ನೀರಿಗೂ ಕೆಟ್ಟ ಮನಸ್ಸಿಗೂ, ಗಂಭೀರವೆಂಬುದು ಆಳವಾದ ಮಡುವಿಗೂ ತೂಕವುಳ್ಳ ಸ್ವಭಾವಕ್ಕೂ ಸಮಾನವಾಗಿ ಸಲ್ಲುತ್ತವೆ. ಕೊನೆಯದು ‘ಬತ್ತು’. ಮಳೆಯಿಲ್ಲದ ವರ್ಷ ಬಾವಿ ಬತ್ತುವುದನ್ನು ಕಂಡವರು ‘ಆಸೆ ಬತ್ತಿತು’, ‘ಒಲವು ಬತ್ತಿತು’ ಎಂದರೆ ಅದು ಅಲಂಕಾರವಲ್ಲ. ೧೮೭೬-೭೮ರ ಮಹಾಕ್ಷಾಮದ ಕೈಗೆ ಸಿಕ್ಕಿದ ನಾಡು ಇದು. ‘ಬರ’ವೆಂಬ ಪದವೇ ಇಲ್ಲಿ ಮಾತಿಗೂ ಮಮತೆಗೂ ಹತ್ತಿಕೊಂಡಿದೆ: ಮನೆಯಲ್ಲಿ ಮಾತಿಗೆ ಬರ, ಪ್ರೀತಿಗೆ ಬರ.

೫. ಕೇಳಿದ ಕಡಲು

ಕಡಲಿನ ಮಾತು ಈ ಸೀಮೆಗೆ ಮೂರು ದಾರಿಗಳಿಂದ ಬಂದಂತೆ ಕಾಣುತ್ತದೆ. ಮೊದಲನೆಯದು ಶಾಸ್ತ್ರದ ದಾರಿ. ಮಹಾಕಾವ್ಯದಲ್ಲಿ ನಗರ, ಸಮುದ್ರ, ಪರ್ವತ, ಋತು ಮೊದಲಾದವುಗಳ ವರ್ಣನೆಯಿರಬೇಕೆಂದು ದಂಡಿಯು ಕಾವ್ಯಾದರ್ಶದಲ್ಲಿ ವಿಧಿಸಿದನು. ಆ ದಂಡಿಯನ್ನೇ ಬಹುಮಟ್ಟಿಗೆ ಅನುಸರಿಸಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿತು. ಹೀಗಾಗಿ ಕಡಲನ್ನು ಕಾಣದ ಕವಿಯೂ ಕಡಲನ್ನು ವರ್ಣಿಸಲೇಬೇಕಾಯಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದು, ೧೦೫೮ರ ಶಾಸನವು ಅಲ್ಲಿಯ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ, ಪುಸ್ತಕಗಳನ್ನು ಕಾಯುವ ಸರಸ್ವತೀಭಂಡಾರಿಗಳಿಗೂ ವೃತ್ತಿಗಳನ್ನು ಬಿಟ್ಟುದನ್ನು ಹೇಳುತ್ತದೆ. ಇಂಥ ಸ್ಥಾನಗಳಲ್ಲಿ ಓದಿದವರ ಮೂಲಕ ಸಾಗರ, ತರಂಗ, ಕಲ್ಲೋಲ, ಕ್ಷೋಭೆಗಳು ನಾಡಿನ ಮಾತಿಗೆ ಇಳಿದಿರಬೇಕು.

ಭಾವಗಳ ಶಾಸ್ತ್ರವೇ ಕಡಲಿನ ಉಪಮಾನದಿಂದ ನಿಂತಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಸ್ಥಾಯಿಭಾವವು ಕಡಲಿನಂತೆ ನೆಲೆಯಾಗಿರುತ್ತದೆ. ಚಿಂತೆ, ಗ್ಲಾನಿ, ಹರ್ಷ ಮೊದಲಾದ ಮೂವತ್ತಮೂರು ಸಂಚಾರಿಗಳು ತೆರೆಗಳಂತೆ ಅದರಲ್ಲಿಯೇ ಎದ್ದು ಅದರಲ್ಲಿಯೇ ಮುಳುಗುತ್ತವೆ ಎಂಬುದು ಧನಂಜಯನ ದಶರೂಪಕದ ವಿವರಣೆ. ಈ ಧನಂಜಯನು ಮಾಳವದ ಪರಮಾರ ಮುಂಜನ ಆಶ್ರಿತ. ೯೭೨ರಲ್ಲಿ ಮಾನ್ಯಖೇಟವನ್ನು ಕೊಳ್ಳೆಹೊಡೆದ ಸೀಯಕನ ತರುವಾಯ ಪಟ್ಟಕ್ಕೆ ಬಂದವನೇ ಮುಂಜ. ಮಾಳವವೂ ಒಳನಾಡೇ. ಭಾವಕ್ಕೂ ಕಡಲಿಗೂ ಇರುವ ಸಂಬಂಧವನ್ನು ಇಷ್ಟು ಖಚಿತವಾಗಿ ಹೇಳಿದವರು ಕಡಲ ತಡಿಯವರಲ್ಲವೆಂಬುದು ಗಮನಾರ್ಹವಾಗಿದೆ.

ಎರಡನೆಯದು ಭಕ್ತಿಯ ದಾರಿ. ಭವಸಾಗರ, ಸಂಸಾರಸಾಗರ ಎಂಬ ಮಾತುಗಳು ಶರಣರ ವಚನಗಳಿಂದಲೂ ಮಠಗಳ ಪುರಾಣಪ್ರವಚನಗಳಿಂದಲೂ ತತ್ವಪದಗಳಿಂದಲೂ ಅಕ್ಷರವರಿಯದವರ ವರೆಗೂ ತಲುಪಿದವು. ಸಂಸಾರಸಾಗರವನ್ನು ಕುರಿತ ಬಸವಣ್ಣನವರ ವಚನವೊಂದರಲ್ಲಿ ಆ ಕಡಲಿನ ಆಳವನ್ನು ಮೊದಲು ಎದೆಯುದ್ದವೆಂದು, ಆಮೇಲೆ ಕೊರಳುದ್ದವೆಂದು, ಕೊನೆಗೆ ತಲೆಯುದ್ದವೆಂದು ಅಳೆಯಲಾಗಿದೆ. ಕಡಲನ್ನು ಯಾರೂ ಹೀಗೆ ನಡೆದು ದಾಟುವುದಿಲ್ಲ. ಹೀಗೆ ಅಳೆಯುವುದು ಪ್ರವಾಹ ಬಂದ ಹೊಳೆಯನ್ನು. ಕಾಲಿಟ್ಟವನು ನೀರು ಎದೆಗೆ ಬಂತು, ಕೊರಳಿಗೆ ಬಂತು ಎಂದು ಕೂಗುವುದು ಹೊಳೆಯ ನಡುವೆ. ಹೆಸರು ಕಡಲಿನದು, ಅನುಭವ ಹೊಳೆಯದು. ಕೇಳಿದ್ದನ್ನು ಕಂಡದ್ದರಿಂದ ಅಳೆಯುವುದೆಂದು ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯಲಾರದು. ೨೦೨೦ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದಾಗ ದಂಡೆಯ ಊರುಗಳವರು ಕಂಡ ನೀರು ಅವರ ಪಾಲಿಗೆ ಸಮುದ್ರವೇ ಆಗಿದ್ದಿತು.

ಮೂರನೆಯದು ನೆರೆಭಾಷೆಗಳ ದಾರಿ. ಸಂಸ್ಕೃತದ ‘ಲಹರಿ’ ಎಂದರೆ ತೆರೆ. ಮರಾಠಿಯಲ್ಲಿಯೂ ಬಡಗಣ ಕನ್ನಡದಲ್ಲಿಯೂ ಅದಕ್ಕೆ ಮನಸ್ಸಿನ ಆ ಹೊತ್ತಿನ ಒಲವು ಎಂಬ ಅರ್ಥವುಂಟಾಯಿತು. ಇನ್ನೊಂದು ‘ಮೋಜು’. ಅರಬ್ಬಿಯಲ್ಲಿ ‘ಮೌಜ್’ ಎಂದರೆ ತೆರೆ. ಹಿಂದುಸ್ತಾನಿಯಲ್ಲಿ ಅದಕ್ಕೆ ತೆರೆಯೆಂದೂ ಉಲ್ಲಾಸವೆಂದೂ ಎರಡರ್ಥಗಳಾದವು. ಮರಾಠಿ ಕನ್ನಡಗಳಿಗೆ ಬರುವಾಗ ಉಲ್ಲಾಸ ಮ���ತ್ರ ಉಳಿದು ತೆರೆ ಕಳಚಿಬಿದ್ದಿತು. ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು ಉರ್ದುವನ್ನು ಕಚೇರಿಯ ಭಾಷೆಯಾಗಿ ಕಂಡ ಈ ಸೀಮೆಯಲ್ಲಿ ಎರಡು ಪದಗಳೂ ಬಳಕೆಯಲ್ಲಿವೆ. ಒಂದು ಸಂಸ್ಕೃತದ ತೆರೆ, ಮತ್ತೊಂದು ಅರಬ್ಬಿಯ ತೆರೆ. ಎರಡೂ ಬಂದು ಮನಸ್ಸಿನ ಉಲ್ಲಾಸವನ್ನು ಹೇಳುತ್ತಿವೆ. ಅಚ್ಚಗನ್ನಡದ ‘ಅಲೆ’ಯೂ ಇದೇ ಜಾಡಿನದು: ನಾಮಪದವಾದರೆ ತೆರೆ, ಕ್ರಿಯಾಪದವಾದರೆ ನೆಲೆಯಿಲ್ಲದೆ ತಿರುಗು.

ಹೀಗೆ ಬಂದ ಕಡಲು ಇಲ್ಲಿ ಯಾವ ಕೆಲಸ ಮಾಡುತ್ತದೆಂಬುದನ್ನು ನೋಡಿದರೆ ಅದರ ಸ್ವರೂಪ ತಿಳಿಯುತ್ತದೆ. ಉಪ್ಪು, ತಡಿ, ಉಬ್ಬರ, ಇಳಿತ, ಹಡಗು, ಬಲೆ ಇವುಗಳಿಂದ ಹುಟ್ಟಿದ ಭಾವದ ಮಾತುಗಳು ಇಲ್ಲಿಯ ಆಡುನುಡಿಯಲ್ಲಿ ಕಾಣುವುದು ವಿರಳ; ‘ಭಾವನೆಗಳ ಉಬ್ಬರವಿಳಿತ’ವೆಂಬುದು ಪುಸ್ತಕದ ಮಾತೇ ಸರಿ. ಕಡಲಿನಿಂದ ಇಲ್ಲಿಯವರು ಆರಿಸಿಕೊಂಡದ್ದು ಒಂದೇ ಗುಣ, ಅದರ ಅಪಾರತೆ. ಕೆರೆಗೆ ಏರಿಯಿದೆ, ಹೊಳೆಗೆ ಆಚೆಯ ದಡವಿದೆ. ಆದುದರಿಂದ ಕೆರೆ ಹೊಳೆಗಳ ಮಾತಿನಲ್ಲಿ ಹೇಳಿದ ದುಃಖಕ್ಕೆ ಮಿತಿಯಿದೆ, ಕೊನೆಯಿದೆ. ಮಿತಿಯನ್ನೂ ಕೊನೆಯನ್ನೂ ಕಾಣದಾದಾಗ ಮಾತ್ರ ಕಡಲನ್ನು ಕರೆಯಬೇಕಾಗುತ್ತದೆ. ಕಂಡ ನೀರಿನ ಮಾತು ಭಾವದ ಬಗೆಯನ್ನು ಹೇಳುತ್ತದೆ. ಕೇಳಿದ ಕಡಲಿನ ಮಾತು ಅದರ ಮೇರೆ ತಪ್ಪಿದುದನ್ನು ಹೇಳುತ್ತದೆ.

ಕಡಲಿಗೆ ಇಷ್ಟು ದೂರವಾದ ಈ ನೆಲವು ಒಂದು ಕಾಲಕ್ಕೆ ಕಡಲಿನ ತಳವೇ ಆಗಿದ್ದಿತೆಂಬುದು ಭೂಗರ್ಭಶಾಸ್ತ್ರಜ್ಞರ ನಿರ್ಣಯ. ಶಹಾಬಾದದ ಹಾಸುಗಲ್ಲೂ ವಾಡಿ ಸೇಡಂಗಳ ಸಿಮೆಂಟಿಗೆ ಬಳಸುವ ಸುಣ್ಣಕಲ್ಲೂ ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಪದರು ಪದರಾಗಿ ತಂಗಿದವು. ಆದರೆ ನುಡಿಯ ಕಡಲಿಗೂ ಆ ಕಡಲಿಗೂ ಸಂಬಂಧವಿಲ್ಲ. ಮನುಷ್ಯನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದು ಹಿಂದೆಗೆದಿತ್ತು. ಮಾತು ಬರುವುದು ಕಲ್ಲಿನ ನೆನಪಿನಿಂದಲ್ಲ, ಜನರ ಬಾಯಿಂದ ಬಾಯಿಗೆ.

೬. ಈ ವಿಚಾರದ ಪ್ರಯೋಜನ

ಇದು ಕೇವಲ ಅಲಂಕಾರಶಾಸ್ತ್ರದ ಚರ್ಚೆಯೆಂದು ತಳ್ಳಿಹಾಕತಕ್ಕದ್ದಲ್ಲ. ಈ ಸೀಮೆಯ ಹಳ್ಳಿಯ ಹೆಂಗಸೊಬ್ಬಳು ವೈದ್ಯರ ಮುಂದೆ ಕುಳಿತು ‘ಹೊಟ್ಯಾಗ ಉರಿ ಬಿದ್ದದ ನೋಡ್ರಿ’ ಎಂದರೆ ಅದು ಜಠರದ ಉರಿಯಾಗಿರಬಹುದು, ಮಗನನ್ನು ಕಳೆದುಕೊಂಡ ಸಂತಾಪವೂ ಆಗಿರಬಹುದು. ಪದಕೋಶದಲ್ಲಿ ಎರಡಕ್ಕೂ ಒಂದೇ ಪದ. ಹೊರಸೀಮೆಯಿಂದ ಬಂದ ವೈದ್ಯರು ಮೊದಲನೆಯದನ್ನೇ ತಿಳಿದು ಔಷಧ ಬರೆದರೆ ಆಕೆಯ ಮಾತು ಕೇಳಿಯೂ ಕೇಳದಂತಾಗುತ್ತದೆ. ಬೆಳೆ ಕೆಟ್ಟು ಸಾಲದಲ್ಲಿ ಬಿದ್ದ ಒಕ್ಕಲಿಗನು ಮೊದಲು ಕುದಿಯುತ್ತದೆ ಎನ್ನುತ್ತಿದ್ದವನು, ಈಗ ಎಲ್ಲ ಬತ್ತಿಹೋಯಿತು ಎಂದು ಶಾಂತವಾಗಿ ಹೇಳಿದರೆ, ಕುದಿ ಇಳಿಯಿತು, ಸಮಾಧಾನವಾಯಿತು ಎಂದು ತಿಳಿಯುವುದು ಅಪಾಯಕರ. ಕುದಿಯುವುದಕ್ಕೆ ನೀರಾದರೂ ಇರಬೇಕು. ಬತ್ತಿದಲ್ಲಿ ಅದೂ ಇಲ್ಲ. ‘ತಣ್ಣಗಾಯಿತು’ ಎಂಬುದಕ್ಕೂ ‘ಬತ್ತಿತು’ ಎಂಬುದಕ್ಕೂ ಇರುವ ಅಂತರವನ್ನು ಬಲ್ಲ ನೆರೆಯವರು ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡುವುದಿಲ್ಲ.

ಇನ್ನೊಂದು ಕಡೆಯಿಂದಲೂ ನಷ್ಟವಿದೆ. ಕೆರೆಯನ್ನು ಕಾಣದೆ ನಲ್ಲಿಯ ನೀರನ್ನು ಬಳಸಿ ಬೆಳೆದ ಮಕ್ಕಳಿಗೆ ‘ಕೋಡಿ’, ‘ಮಡು’, ‘ಹದ’ ಎಂಬವು ಬರಿಯ ಸದ್ದುಗಳಾಗುತ್ತಿವೆ. ಅವರು ‘ಕಣ್ಣೀರ ಕೋಡಿ’ಯನ್ನು ಹೇಳುತ್ತಾರೆ, ಆದರೆ ಕೋಡಿ ಹರಿಯುವ ಕೆರೆ ಒಡೆಯದೆ ಉಳಿಯುತ್ತದೆಂಬ ಸಮಾಧಾನವು ಆ ಮಾತಿನಲ್ಲಿದೆಯೆಂದು ಅವರಿಗೆ ತಿಳಿಯದು. ಕುಶಲನ ಕೈಯಿಂದ ದರ್ಭೆ ಜಾರಿದಂತೆ, ಮೋಜಿನಿಂದ ತೆರೆ ಜಾರಿದಂತೆ, ಈ ಪದಗಳಿಂದಲೂ ನೀರು ಜಾರಿಹೋಗುವ ಕಾಲ ಬಂದಿದೆ. ಪದವು ಉಳಿದರೂ ಅದು ತೋರಿಸುತ್ತಿದ್ದ ಭೇದವು ಉಳಿಯುವುದಿಲ್ಲ.

ಆದುದರಿಂದ ಈ ಸೀಮೆಯ ನುಡಿಕೋಶವನ್ನು ಸಿದ್ಧಗೊಳಿಸುವವರು ಪದಕ್ಕೆ ಅರ್ಥವನ್ನು ಬರೆದು ನಿಲ್ಲಿಸದೆ, ಅದನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳುತ್ತಾರೆಂಬುದನ್ನೂ, ಅದರ ಮೂಲವಾದ ಹೊಲ, ಕೆರೆ, ಹೊಳೆಯ ಸಂಗತಿ ಯಾವುದೆಂಬುದನ್ನೂ ಬರೆದಿಡುವುದು ಅವಶ್ಯಕ. ಸೇಡಮಿನ ಎರೆಹೊಲದವರ ಮಾತು, ಚಿಂಚೋಳಿಯ ಅಡವಿಯಂಚಿನವರ ಮಾತು, ಶಹಾಬಾದದ ಕಲ್ಲುಗಣಿಯವರ ಮಾತು ಒಂದೇ ಆಗಿರಬೇಕೆಂಬ ನಿಯಮವಿಲ್ಲ; ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೂಡಿಹಾಕಬೇಕು. ಈ ಕೆಲಸಕ್ಕೆ ಬೇಕಾದ ಸಾಮಗ್ರಿಯು ತಾಳೆಯೋಲೆಗಳಲ್ಲಿಲ್ಲ. ಮಿರಗದ ಮಳೆಯನ್ನು ಎಣಿಸುತ್ತ ಕಟ್ಟೆಯ ಮೇಲೆ ಕುಳಿತ ಮುದುಕರ ನಾಲಗೆಯಲ್ಲಿದೆ. ಅವರಿರುವಾಗಲೇ ಅದನ್ನು ಕೇಳಿ ಬರೆದುಕೊಳ್ಳತಕ್ಕದ್ದು.